ಬೆನ್ನೆಲುಬಿನ ವಕ್ರತೆಯೂ ತರುಣ ತರುಣಿಯರ ದೇಹಶಕ್ತಿಯೂ

ಅಷ್ಟಾವಕ್ರನೆಂದೊಡನೆ ನಮಗೆ ಅವನ ಜ್ಞಾನ ನೆನಪಾಗುತ್ತದೆ. ಮಂಥರೆಯೆಂದರೆ ಅವಳ ಗೂನು. ಈ ಪಕ್ಷಪಾತ ಪುರಾಣಕ್ಕೇ ಮುಗಿದಿಲ್ಲ. ರಜೆಯಲ್ಲಿ ಉಯ್ಯಂಬಳ್ಳಿಗೆ ಹೋಗಿದ್ದಾಗ ನನ್ನ ಚಿಕ್ಕಮ್ಮನ ಮಗಳ ಬೆನ್ನನ್ನು ಕುರಿತು ನೆರೆಯವರು ಆಡುತ್ತಿದ್ದುದೆಲ್ಲ ಮದುವೆಯ ಮಾತೇ. "ನನ್ ಕೈಲಿ ಏನಾಯ್ತದೆ ಅಂತ ಯಾರೂ ಕೇಳಲ್ವಲ್ಲಣ್ಣ" ಎಂದಳು ಅವಳು. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬೆನ್ನು ಸೊಟ್ಟಗಾಯಿತೆಂಬುದು ಊರವರ ತೀರ್ಮಾನ. ಅದು ತಪ್ಪು. ಬೆನ್ನೆಲುಬು ಪಕ್ಕಕ್ಕೆ ಬಾಗಿ, ಜೊತೆಗೆ ತಿರುಚಿಕೊಳ್ಳುವ ಈ ಸ್ಥಿತಿಗೆ ಸ್ಕೋಲಿಯೋಸಿಸ್ ಎಂದು ಹೆಸರು. ಕಾಬ್ ಎಂಬ ವೈದ್ಯರು 1948ರಲ್ಲಿ ವಿವರಿಸಿದ ಕ್ರಮದಿಂದ ಎಕ್ಸ್‌ರೇ ಚಿತ್ರದಲ್ಲಿ ಅಳೆದಾಗ ಬಾಗು 10 ಡಿಗ್ರಿ ಮುಟ್ಟಿದರೆ ಆ ಹೆಸರು ಸಲ್ಲುತ್ತದೆ. ಹದಿಹರೆಯದವರಲ್ಲಿ ನೂರಕ್ಕೆ ಇಬ್ಬರು ಮೂವರಿಗೆ ಇದು ಉಂಟು. ಸಣ್ಣ ಬಾಗು ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಸಮ; 30 ಡಿಗ್ರಿ ದಾಟಿದವರಲ್ಲಿ ಮಾತ್ರ ಹುಡುಗಿಯರೇ ಹಲವು ಪಟ್ಟು ಹೆಚ್ಚು.

ಇನ್ನು ದೇಹಶಕ್ತಿಯ ಮಾತು. ತರುಣರ ಕೈಹಿಡಿತ ಬಿಗಿ, ಶ್ವಾಸಕೋಶ ದೊಡ್ಡದು; ತರುಣಿಯರ ಮೈ ಸಾಮಾನ್ಯವಾಗಿ ಹೆಚ್ಚು ಬಳುಕುತ್ತದೆ. ಬೆನ್ನು ನೆಟ್ಟಗಿದ್ದವರಲ್ಲೂ ಇದು ಹೀಗೆಯೇ. ಆದುದರಿಂದ ವಕ್ರತೆಯುಳ್ಳ ತರುಣನನ್ನೂ ತರುಣಿಯನ್ನೂ ಎದುರುಬದುರು ನಿಲ್ಲಿಸಿ ಅಳೆದರೆ ಮೋಸ ಹೋಗುತ್ತೇವೆ. ಮಾತಿಗೆ, ಉಸಿರಳೆಯುವ ಯಂತ್ರದಲ್ಲಿ ಅವನಿಂದ 4 ಲೀಟರ್, ಅವಳಿಂದ 2.8 ಲೀಟರ್ ನಿರೀಕ್ಷಿಸಬೇಕೆನ್ನಿ. ಅವನು 2.8, ಅವಳು 2.5 ಲೀಟರ್ ಊದಿದರು. ಗೆದ್ದವನು ಅವನೆಂದು ತೋರುತ್ತದೆ. ಆದರೆ ಅವನಿಗೆ ಉಳಿದಿರುವುದು ನೂರಕ್ಕೆ 70, ಅವಳಿಗೆ ಸುಮಾರು 89! ರೋಗ ಹೆಚ್ಚು ಕಸಿದುಕೊಂಡದ್ದು ಅವನಿಂದಲೇ.

ಇಲ್ಲೊಂದು ಸ್ವಾರಸ್ಯವಿದೆ. ನಿರೀಕ್ಷಿತ ಅಳತೆಯನ್ನು ವಯಸ್ಸು, ಲಿಂಗ, ಎತ್ತರಗಳಿಂದ ಲೆಕ್ಕ ಹಾಕುತ್ತಾರೆ. ಬೆನ್ನು ಬಾಗಿದವರ ಎತ್ತರವೇ ಕುಗ್ಗಿರುತ್ತದಲ್ಲ! ಅದಕ್ಕಾಗಿ ಎರಡು ತೋಳುಗಳನ್ನೂ ಚಾಚಿಸಿ, ಬೆರಳ ತುದಿಯಿಂದ ತುದಿಗೆ ಅಳೆದು, ಅದನ್ನೇ ಎತ್ತರದ ಬದಲಿಗೆ ಹಿಡಿಯುತ್ತಾರೆ. ಎದೆಯ ಭಾಗದ ಬಾಗು ಬಲವಾದಷ್ಟೂ ಪಕ್ಕೆಲುಬುಗಳು ತಿರುಚಿ ಉಸಿರಿಗೆ ಎಡೆ ಕಡಮೆಯಾಗುತ್ತದೆ. ಸಣ್ಣ ಬಾಗಿನಿಂದ ಅಷ್ಟು ತೊಂದರೆಯಿಲ್ಲ. 2009ರಲ್ಲಿ ಬರ್ಲಿನ್ನಿನಲ್ಲಿ ನೂರು ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ ಉಸೇನ್ ಬೋಲ್ಟರ ಬೆನ್ನೂ ಬಾಗಿದ್ದೇ.

ಹೆಣ್ಣುಮಕ್ಕಳಿಗೆ "ಆಡಬೇಡ, ಓಡಬೇಡ" ಎಂದು ಕೂರಿಸಿದಾಗ ಬರುವ ನಿಶ್ಶಕ್ತಿಯನ್ನೂ ನಾವು ಬೆನ್ನಿನ ಲೆಕ್ಕಕ್ಕೇ ಬರೆಯುತ್ತೇವೆಂಬುದು ನನ್ನ ಅಭಿಪ್ರಾಯ. ಬೆಳೆಯುವ ವಯಸ್ಸಿನಲ್ಲೇ ಕಂಡುಹಿಡಿದರೆ ಪಟ್ಟಿ ಕಟ್ಟಿ ಬಾಗು ಹೆಚ್ಚದಂತೆ ತಡೆಯಬಹುದು. ಮಗುವನ್ನು ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿದರೆ ಒಂದು ಪಕ್ಕ ಉಬ್ಬಿದ್ದು ಕಾಣುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಹುದೆಂಬುದೂ ಒಂದು ಪರೀಕ್ಷೆ. ತಂಗಿಗೆ ಹೇಳಿದೆ. ಅವಳು ತನ್ನ ವಯಸ್ಸಿನ ಇಬ್ಬರು ಗೆಳತಿಯರನ್ನು ಕರೆತಂದಳು. ನಾನು ಗಡಿಯಾರ ಹಿಡಿದು ನಿಂತೆ. ಮೂವರಲ್ಲಿ ಅವಳು ಎರಡನೆಯವಳು. "ಈಗ ನೀನು ನಡಿಯಣ್ಣ" ಎಂದಳು; ನಾನು ಒಪ್ಪಲಿಲ್ಲ.