ವಾಯುಗುಣದ ವ್ಯತ್ಯಯ ಮತ್ತು ಮಲಪ್ರಭೆಯ ಸೀಮೆ

ಹವಾಮಾನ, ವಾಯುಗುಣ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಅವುಗಳಲ್ಲಿ ಭೇದವಿದೆ. ದಿನದಿನದ ಬಿಸಿಲು, ಗಾಳಿ, ಮಳೆಗಳ ಸ್ಥಿತಿಯೇ ಹವಾಮಾನ. ಸುಮಾರು 30 ವರ್ಷಗಳ ಅವಧಿಯಲ್ಲಿ ಅವುಗಳ ನಡೆಯಲ್ಲಿ ಕಾಣುವ ಸಾಮಾನ್ಯ ಕ್ರಮವೇ ವಾಯುಗುಣ. ಒಂದು ವರ್ಷ ಮಳೆ ತಪ್ಪುವುದು ಹವಾಮಾನದ ಏರುಪೇರು. ಕ್ರಮವೇ ತಪ್ಪುವುದು ವಾಯುಗುಣದ ವ್ಯತ್ಯಯ.

ಈ ಮಾತು ಬಂದಾಗಲೆಲ್ಲ ಮಾಲ್ದೀವದಂತಹ ದ್ವೀಪರಾಷ್ಟ್ರಗಳ ಹೆಸರು ಕೇಳಿಬರುತ್ತದೆ. ಅಲ್ಲಿನ ನೆಲದ ಬಹುಭಾಗ ಸಮುದ್ರಮಟ್ಟಕ್ಕಿಂತ ಒಂದು ಮೀಟರಿನಷ್ಟೂ ಎತ್ತರದಲ್ಲಿಲ್ಲ. ಏರುತ್ತಿರುವ ಕಡಲು ಅವರಿಗೆ ಅಳಿವು ಉಳಿವಿನ ಪ್ರಶ್ನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ ಕಡಲಿನ ಭಯವಿಲ್ಲ. ಆದರೆ ಆ ದ್ವೀಪಗಳನ್ನು ಕಾಡುವ ತಾಪವೇ ಇಲ್ಲಿಯ ಮಳೆಯ ನಡೆಯನ್ನೂ ಕೆಡಿಸುತ್ತಿದೆ.

ಕಾರಣಗಳು

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳ ದಹನದಿಂದಲೂ ಅರಣ್ಯನಾಶದಿಂದಲೂ ಇಂಗಾಲದ ಡೈಆಕ್ಸೈಡು ಹೆಚ್ಚುತ್ತಿದೆ. ಯಂತ್ರಯುಗಕ್ಕೆ ಮೊದಲು ಗಾಳಿಯ 10 ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಈ ಅನಿಲ ಈಗ 420ನ್ನು ಮೀರಿದೆ. ಭೂಮಿ ಹೊರಸೂಸುವ ಶಾಖವನ್ನು ಅದು ಕಂಬಳಿಯಂತೆ ತಡೆಹಿಡಿಯುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಆದುದರಿಂದ ಮಳೆಯಿಲ್ಲದ ದಿನಗಳಲ್ಲಿ ನೆಲ ಬೇಗನೆ ಒಣಗುತ್ತದೆ; ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ.

ಪರಿಣಾಮಗಳು

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಘಟ್ಟಕ್ಕೆ ಸಮೀಪವಾದ ಕಿತ್ತೂರಿನ ಕಡೆ ಮಳೆ ಹೆಚ್ಚು; ಪೂರ್ವಕ್ಕೆ ಸರಿದಂತೆ ಅದು ಕ್ಷೀಣಿಸುತ್ತ ರಾಮದುರ್ಗದಲ್ಲಿ ತೀರ ಕಡಿಮೆಯಾಗುತ್ತದೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ರೇಣುಕಾಸಾಗರವಿದೆ. ಎಷ್ಟೋ ವರ್ಷ ಅದು ತುಂಬಲೇ ಇಲ್ಲ. ಅದೇ ಜಲಾಶಯ 2019ರ ಆಗಸ್ಟಿನ ಮಹಾಮಳೆಗೆ ತುಂಬಿತು. ಹೊರಬಿಟ್ಟ ನೀರು ರಾಮದುರ್ಗ ಪಟ್ಟಣಕ್ಕೂ ಹೊಳೆದಂಡೆಯ ಹಳ್ಳಿಗಳಿಗೂ ನುಗ್ಗಿ, ಮುಂದೆ ಪಟ್ಟದಕಲ್ಲಿನ ಗುಡಿಗಳನ್ನೂ ಸುತ್ತುವರಿಯಿತು. ನಾಲ್ಕು ವರ್ಷಗಳ ತರುವಾಯ, 2023ರಲ್ಲಿ, ಮುಂಗಾರು ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಸಾರಬೇಕಾಯಿತು.

ಇವೆಲ್ಲಕ್ಕೂ ವಾಯುಗುಣವೊಂದೇ ಹೊಣೆಯೆಂದರೆ ಸತ್ಯಕ್ಕೆ ಅಪಚಾರವಾದೀತು. 2023ರ ಬರಕ್ಕೆ ಪೆಸಿಫಿಕ್ ಸಾಗರದ ಎಲ್ ನಿನೋ ಸಹ ಕಾರಣವಾಗಿತ್ತು. ಹೊಳೆಯ ಪಾತ್ರದ ಒತ್ತುವರಿ, ಶೇಖರವಾದ ಹೂಳು ಪ್ರವಾಹದ ಹಾನಿಯನ್ನು ಹೆಚ್ಚಿಸುತ್ತವೆ. ಆದರೆ ಇಂತಹ ಅತಿರೇಕಗಳನ್ನು ಹೆಚ್ಚುತ್ತಿರುವ ತಾಪವು ಇನ್ನಷ್ಟು ತೀವ್ರಗೊಳಿಸುತ್ತದೆ.

ಇಲ್ಲಿಯ ಒಕ್ಕಲುತನ ಮಳೆಯ ನಕ್ಷತ್ರಗಳನ್ನು ನಂಬಿದ್ದು. ಜನರು ಮಿರಗವೆನ್ನುವ ಮೃಗಶಿರಾ ಮಳೆಗೆ ಮುಂಗಾರಿ ಬಿತ್ತನೆ. ಉತ್ತರಾ, ಹಸ್ತಾ ಮಳೆಗಳ ಹದಕ್ಕೆ ಹಿಂಗಾರಿಯ ಬಿಳಿಜೋಳ, ಕಡಲೆ. ಎರೆಭೂಮಿಯು ಹದವಾದ ಮಳೆಯ ತೇವವನ್ನು ಬಹುಕಾಲ ಕಾಯ್ದಿಡುತ್ತದೆ. ಮಳೆ ಅತಿಯಾದರೆ ನೀರು ನಿಂತು ಬೇರು ಕೊಳೆಯುತ್ತದೆ. ರೈತನಿಗೆ ಮಳೆಯ ಮೊತ್ತದಷ್ಟೇ ಅದರ ವೇಳೆಯೂ ಮುಖ್ಯ. ವೇಳೆ ತಪ್ಪಿದರೆ ಪಂಚಾಂಗದೊಡನೆ ಹಿರಿಯರ ಅನುಭವವೂ ಕೈಬಿಡುತ್ತದೆ.

ಕರ್ತವ್ಯ

ಜಗತ್ತಿನ ಹೊಗೆಯನ್ನು ನಾಲ್ಕು ತಾಲೂಕುಗಳು ನಿಲ್ಲಿಸಲಾರವು. ಆದರೆ ಹೊಲದ ಬದು, ಕೃಷಿಹೊಂಡ, ಹೂಳು ತೆಗೆದ ಕೆರೆ, ಒತ್ತುವರಿಯಿಲ್ಲದ ಹಳ್ಳಗಳು ಬರದಲ್ಲಿಯೂ ನೆರೆಯಲ್ಲಿಯೂ ರಕ್ಷೆ. ಪ್ರತಿಯೊಂದು ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವಿದ್ದು, ವಿದ್ಯಾರ್ಥಿಗಳು ದಿನಂಪ್ರತಿ ಅಳತೆ ಬರೆದಿಟ್ಟರೆ, 30 ವರ್ಷಗಳ ನಂತರ ಆ ಪುಸ್ತಕವೇ ಈ ಸೀಮೆಯ ವಾಯುಗುಣದ ಚರಿತ್ರೆಯಾಗುವುದು. ಅದನ್ನು ಆರಂಭಿಸಲು ಬರುವ ಮಿರಗವೇ ಯೋಗ್ಯಕಾಲ.