ನಂಬರ್ 16: ದಾಖಲೆ ಆಯುಸ್ಸಿನ ಟ್ರ್ಯಾಪ್‌ಡೋರ್ ಜೇಡ

ವೈಜ್ಞಾನಿಕ ಹೆಸರು ಗೈಯಸ್ ವಿಲ್ಲೋಸಸ್, ಕುಟುಂಬ ಇಡಿಯೋಪಿಡೇ. ನೆಲೆ: ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಬೆಳೆಯುವ ಸೀಮೆ.

ಇದು ಗಿಡಗಳ ನಡುವೆ ಬಲೆ ಕಟ್ಟುವ ಜೇಡವಲ್ಲ. ನೆಲದಲ್ಲಿ ಬಿಲ ತೋಡಿ, ಒಳಗೋಡೆಗೆ ನೂಲು ಹೊದಿಸಿ, ಬಾಯಿಗೆ ಮಣ್ಣು ಮತ್ತು ನೂಲಿನ ಮುಚ್ಚಳ ಕೂರಿಸುತ್ತದೆ. ಸುತ್ತ ಒಣಕಡ್ಡಿಗಳನ್ನು ಬೀಸಣಿಗೆಯಂತೆ ಹರಡಿ ಅಂಟಿಸುತ್ತದೆ. ಹಾದುಹೋಗುವ ಇರುವೆ ಕಡ್ಡಿ ತಾಕಿದರೆ ಸಾಕು, ಬಾಗಿಲಲ್ಲೇ ಹೊಂಚುಹಾಕಿ ಕೂತ ಜೇಡಕ್ಕೆ ಕಂಪನ ಮುಟ್ಟುತ್ತದೆ. ಮುಚ್ಚಳ ಎದ್ದು ಬೀಳುವಷ್ಟರಲ್ಲಿ ಬೇಟೆ ಒಳಗೆ. ಹೆಣ್ಣು ಜೀವನವಿಡೀ ಒಂದೇ ಬಿಲದಲ್ಲಿದ್ದು, ಬೆಳೆದಂತೆ ಅದನ್ನೇ ಅಗಲ ಮಾಡಿಕೊಳ್ಳುತ್ತದೆ. ಪ್ರೌಢ ಗಂಡು ಮಾತ್ರ ಸಂಗಾತಿಯನ್ನು ಹುಡುಕಿ ಹೊರಬೀಳುತ್ತದೆ, ಹೆಚ್ಚು ದಿನ ಬದುಕುವುದಿಲ್ಲ.

ಹೆಣ್ಣಿನ ಈ ಕದಲದ ಸ್ವಭಾವವೇ ಸಂಶೋಧಕರಿಗೆ ವರವಾಯಿತು. ಸಂಶೋಧಕಿ ಬಾರ್ಬರಾ ಯಾರ್ಕ್ ಮೇನ್ 1974ರಲ್ಲಿ ನಾರ್ತ್ ಬಂಗುಲ್ಲಾ ಮೀಸಲು ಪ್ರದೇಶದಲ್ಲಿ ಬಿಲಗಳಿಗೆ ಸಂಖ್ಯೆ ಕೊಟ್ಟು ಅಧ್ಯಯನ ಶುರುಮಾಡಿದರು. 16ನೇ ಬಿಲದ ಹೆಣ್ಣು 2016ರಲ್ಲಿ ಸತ್ತಾಗ ವಯಸ್ಸು 43. ಅದಕ್ಕೂ ಮುಂಚಿನ ದಾಖಲೆ ಮೆಕ್ಸಿಕೋದ ಟಾರಂಟುಲಾದ್ದು, 28 ವರ್ಷ. 16ನೇ ಬಿಲದ ಜೇಡದ ಸಾವಿಗೆ ಕಾರಣ ಮುಪ್ಪಲ್ಲ. ಮುಚ್ಚಳ ತೂತಾಗಿತ್ತು, ಪರಾವಲಂಬಿ ಕಣಜ ಒಳನುಗ್ಗಿರಬೇಕೆಂದು ಸಂಶೋಧಕರು ಊಹಿಸಿದರು. ವರದಿ ಪ್ರಕಟವಾದ ವರ್ಷ 2018.