ಕೌಂಟರ್ ಕೆಳಗಿನ ಫ್ರಿಜ್: ಗ್ಯಾಸ್ ತುಂಬಿಸೋ ಮೊದಲು ಜಾಲಿ ಬಿಚ್ಚಿ ನೋಡಿ

ಈ ವಾರ ಗೊಬ್ಬರದ ಮಾತಿಲ್ಲ, ರೋಗ-ಕೀಟದ ಮಾತೂ ಇಲ್ಲ. ಒಂದು ಯಂತ್ರದ ಬಗ್ಗೆ ಬರೀತಿದ್ದೀನಿ. ತೋಟದ ಮುಂದೆ ರಸ್ತೆ ಬದಿಯಲ್ಲಿ ಸ್ವಂತ ಅಂಗಡಿ ಹಾಕಿ ಮೊಸರು, ಪನೀರ್, ಅಣಬೆ, ಎಳನೀರು ಮಾರೋ ಯುವಕರು ಈಗ ಎಲ್ಲ ಕಡೆ ಕಾಣ್ತಾರೆ. ಅಂಥ ಅಂಗಡಿಗಳಲ್ಲಿ ಕೌಂಟರ್ ಕೆಳಗೆ ಒಂದು ಸ್ಟೀಲ್ ಫ್ರಿಜ್ ಇದ್ದೇ ಇರುತ್ತೆ. ಟ್ರ್ಯಾಕ್ಟರಿಗೆ ಆಯಿಲ್ ಬದಲಿಸೋ ದಿನ ನೆನಪಿಟ್ಟುಕೊಳ್ಳೋ ನಾವು ಈ ಫ್ರಿಜ್ಜಿಗೂ ಸರ್ವಿಸ್ ಬೇಕು ಅನ್ನೋದನ್ನ ಮರೀತೀವಿ. ನಾನೂ ಮರೆತಿದ್ದೆ.

ನಮ್ಮದು ತಿಪಟೂರು ಸೀಮೆ. ತುಮಕೂರು–ಶಿವಮೊಗ್ಗ ಹೆದ್ದಾರಿಗೆ ಅಂಟಿಕೊಂಡ ಹಾಗೆ ನಮ್ಮ ಅಂಗಡಿ, ಹಿಂದುಗಡೆ ಕಾಯಿ ಸುಲಿಯೋ ಕಣ. ಬೆಂಗಳೂರಲ್ಲಿ ಮುಚ್ಚಿದ ಒಂದು ಬೇಕರಿಯಿಂದ ಎರಡು ಬಾಗಿಲಿನ ಫ್ರಿಜ್ ಅರ್ಧ ಬೆಲೆಗೆ ತಂದಿದ್ದೆ. ಮೇಲಿನ ಸ್ಟೀಲ್ ಹಲಗೆ ಮೇಲೆ ತಕ್ಕಡಿ, ಕೆಳಗೆ ಮಾಲು. ಒಂದೂವರೆ ವರ್ಷ ತೊಂದರೆ ಕೊಡಲಿಲ್ಲ. ಆಮೇಲೆ ಒಂದು ಏಪ್ರಿಲ್‌ನಲ್ಲಿ 4 ಡಿಗ್ರಿ ತೋರಿಸ್ತಿದ್ದ ಡಿಸ್‌ಪ್ಲೇ 9ಕ್ಕೆ ಬಂತು. ಮೆಕ್ಯಾನಿಕ್ ಕರೆಸಿದೆ. ಬಂದವರು ಕಂಪ್ರೆಸರ್ ಮುಟ್ಟಿ ನೋಡಿ, "ಗ್ಯಾಸ್ ಕಮ್ಮಿ ಆಗಿದೆ ಸಾರ್" ಅಂದ್ರು. ತುಂಬಿಸಿ 2,800 ರೂಪಾಯಿ ತಗೊಂಡ್ರು. ಅದೇ ವಾರ ಎರಡು ದಿನ ಮಳೆ ಬಂದು ಹವೆ ತಂಪಾಯ್ತು, ಫ್ರಿಜ್ಜೂ ತಂಪಾಯ್ತು. ಗ್ಯಾಸಿಂದಲೇ ಸರಿಹೋಯ್ತು ಅಂದುಕೊಂಡೆ.

ಇಪ್ಪತ್ತು ದಿನಕ್ಕೆ ಮತ್ತೆ ಅದೇ ಕಥೆ, ಮತ್ತೆ ಅದೇ 2,800. ಮೂರನೇ ಸಲ ಕೈಕೊಟ್ಟಾಗ ಒಳಗೆ ಒಂದು ಮದುವೆ ಮನೆಗೆ ಒಪ್ಪಿಕೊಂಡಿದ್ದ 8 ಕೆ.ಜಿ. ಪನೀರ್ ಇತ್ತು. ಹಸುವಿನ ಹಾಲಾದ್ರೆ ಅದಕ್ಕೆ 50 ಲೀಟರಿಗೂ ಹೆಚ್ಚು ಬೇಕು. ಬೆಳಗ್ಗೆ ಬಾಗಿಲು ತೆಗೆದರೆ 13 ಡಿಗ್ರಿ, ಹುಳಿ ವಾಸನೆ. "ತೊಳೆದು ಕೊಟ್ಟರೆ ಗೊತ್ತಾಗಲ್ಲ ಬಿಡು" ಅಂತ ಪಕ್ಕದಲ್ಲಿದ್ದವರು ಹೇಳಿದ್ರು. ಅಮ್ಮ ಒಂದು ಮಾತೂ ಆಡದೆ ಎಲ್ಲಾನೂ ಗೊಬ್ಬರದ ಗುಂಡಿಗೆ ಸುರಿದು ಬಂದ್ರು. ಮದುವೆ ಮನೆಯವರಿಗೆ ಫೋನ್ ಮಾಡಿ ಹೇಳೋ ಕೆಲಸ ನನ್ನ ಪಾಲಿಗೆ ಬಂತು.

ಅವತ್ತು ಅರಸೀಕೆರೆ ಕಡೆಯಿಂದ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಬಂದ್ರು. ಗೇಜ್ ತೆಗೆಯೋ ಮೊದಲು ಸ್ಕ್ರೂಡ್ರೈವರ್ ತೆಗೆದ್ರು. ಫ್ರಿಜ್ಜಿನ ಎಡಬದಿ ಜಾಲಿ ಬಿಚ್ಚಿ, ಒಳಗಿಂದ ಕಂಬಳಿ ತುಂಡಿನ ಹಾಗೆ ಏನೋ ಎಳೆದ್ರು. ಅಷ್ಟೂ ತೆಂಗಿನ ನಾರಿನ ದೂಳು. ನಮ್ಮದೇ ಕಣದ್ದು.

ಒಳಗಿನ ಬಿಸಿ ಹೊರಗೆ ಹೋಗಬೇಕು

ಫ್ರಿಜ್ ತಂಪನ್ನ ತಯಾರು ಮಾಡಲ್ಲ. ಒಳಗಿನ ಬಿಸಿಯನ್ನ ಹೊತ್ತು ತಂದು ಹೊರಗೆ ಚೆಲ್ಲುತ್ತೆ. ಚೆಲ್ಲೋ ಜಾಗಕ್ಕೆ ಕಂಡೆನ್ಸರ್ ಅಂತಾರೆ. ತಾಮ್ರದ ಕೊಳವೆ, ಅದರ ಸುತ್ತ ಕಾಗದದಷ್ಟು ತೆಳ್ಳಗಿನ ಅಲ್ಯೂಮಿನಿಯಂ ರೆಕ್ಕೆಗಳು, ಗಾಳಿ ಎಳೆಯೋಕೆ ಒಂದು ಫ್ಯಾನ್. ಒಕ್ಕಣೆ ಹೊತ್ತಲ್ಲಿ ಟ್ರ್ಯಾಕ್ಟರ್ ರೇಡಿಯೇಟರಿಗೆ ಹೊಟ್ಟು ಹಿಡಿದು ಇಂಜಿನ್ ಕಾಯೋದು ನೋಡಿದ್ದೀರಲ್ಲ, ಇಲ್ಲೂ ಹಾಗೇ. ರೆಕ್ಕೆಗಳ ಮಧ್ಯೆ ದೂಳು ತುಂಬಿದರೆ ಗಾಳಿ ಹಾಯಲ್ಲ. ಗ್ಯಾಸಿನ ಒತ್ತಡ ಏರುತ್ತೆ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತೆ, ಕರೆಂಟ್ ಜಾಸ್ತಿ ಎಳೆಯುತ್ತೆ, ಕೊನೆಗೆ ಕಾದು ತಾನೇ ನಿಲ್ಲುತ್ತೆ. ತಣ್ಣಗಾದ ಮೇಲೆ ಮತ್ತೆ ಓಡುತ್ತೆ, ಮತ್ತೆ ನಿಲ್ಲುತ್ತೆ. ಅಷ್ಟರಲ್ಲಿ ಒಳಗಿನ ಪನೀರ್ ಬೆಚ್ಚಗಾಗಿರುತ್ತೆ.

ಮನೆ ಫ್ರಿಜ್ಜಿಗೆ ಈ ಕಾಟ ಕಮ್ಮಿ. ಕೌಂಟರ್ ಕೆಳಗಿನ ಫ್ರಿಜ್ಜಿನ ಉಸಿರಾಟ ನೆಲಮಟ್ಟದಲ್ಲಿ. ಗುಡಿಸಿದ ಕಸ, ರಸ್ತೆ ದೂಳು, ಕಾಲಿನ ಮಣ್ಣು ಎಲ್ಲ ನೇರ ಅದರ ಬಾಯಿಗೇ ಹೋಗುತ್ತೆ. ಪಕ್ಕದಲ್ಲಿ ದೋಸೆ ಕಾವಲಿಯೋ ಬೋಂಡದ ಬಾಣಲೆಯೋ ಇದ್ದರೆ ಎಣ್ಣೆ ಹೊಗೆ ಸೇರಿ ದೂಳು ಅಂಟಾಗುತ್ತೆ, ಅದು ಇನ್ನೂ ಕಷ್ಟ.

ಶುಚಿ ಮಾಡೋದು ಹೀಗೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನೋಡಿ. ಜಾಲಿ ಬಿಚ್ಚೋ ಮುಂಚೆ ಮೊಬೈಲಲ್ಲಿ ಒಂದು ಫೋಟೋ, ಬಿಚ್ಚಿದ ಮೇಲೆ ಒಂದು. ಯಾವ ಸ್ಕ್ರೂ ಎಲ್ಲಿದ್ದದ್ದು ಅಂತ ಆಮೇಲೆ ತಲೆ ಕೆರೆಯೋದು ತಪ್ಪುತ್ತೆ. ರೆಕ್ಕೆಗಳ ಅಂಚು ಬ್ಲೇಡಿನ ಹಾಗಿರುತ್ತೆ, ಕೈಗವಸು ಹಾಕಿ. ಬಣ್ಣ ಬಳಿಯೋ ಮೆತ್ತನೆ ಬ್ರಷ್ ತಗೊಂಡು ರೆಕ್ಕೆ ಇರೋ ದಿಕ್ಕಿನಲ್ಲೇ, ಮೇಲಿಂದ ಕೆಳಗೆ ಎಳೀರಿ. ಅಡ್ಡ ಎಳೆದರೆ ರೆಕ್ಕೆ ಮಡಚಿ ಗಾಳಿ ದಾರಿ ನೀವೇ ಮುಚ್ಚಿದ ಹಾಗೆ. ವ್ಯಾಕ್ಯೂಮ್ ಇದ್ದರೆ ದೂಳು ಹೀರಿಸಿ. ಬ್ಲೋವರ್ ಆದರೆ ಮಾಲೆಲ್ಲ ಹೊರಗಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಊದಿ. ಗಾಡಿ ತೊಳೆಯೋ ಪ್ರೆಶರ್ ನೀರು ಮಾತ್ರ ಯಾವ ಕಾರಣಕ್ಕೂ ಬೇಡ, ವೈರಿಂಗ್ ಇರೋದು ಅಲ್ಲೇ. ಫ್ಯಾನಿನ ರೆಕ್ಕೆ ಒದ್ದೆ ಬಟ್ಟೇಲಿ ಒರೆಸಿ, ಬೆರಳಲ್ಲಿ ತಿರುಗಿಸಿ ಸಲೀಸಾಗಿ ಸುತ್ತುತ್ತಾ ನೋಡಿ. ಜಾಲಿ ಹಾಕೋ ಮುಂಚೆ ಟಾರ್ಚ್ ಬಿಟ್ಟು ಇಲಿ ಕಡಿದ ವೈರ್ ಇದೆಯಾ ಅಂತಾನೂ ನೋಡಿಕೊಳ್ಳಿ. ಕಂಪ್ರೆಸರ್ ಪಕ್ಕದ ಬೆಚ್ಚನೆ ಜಾಗ ಅಂದ್ರೆ ಇಲಿ, ಹಲ್ಲಿ, ಜಿರಲೆಗೆ ತವರುಮನೆ.

ನಾನು ತಿಂಗಳ ಒಂದನೇ ತಾರೀಕು ಮೊಬೈಲಲ್ಲಿ ಅಲಾರಂ ಇಟ್ಟಿದ್ದೀನಿ. ಕಾಯಿ ಸುಲಿಯೋ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ. ಅರ್ಧ ಗಂಟೆ ಕೆಲಸ. ಫ್ರಿಜ್ಜಿನ ಮುಂದೆ ಗೋಣಿಚೀಲ, ಕ್ರೇಟು ಒತ್ತಾಗಿ ಇಟ್ಟರೂ ದೂಳು ಹಿಡಿದಷ್ಟೇ ಕೇಡು. ಆ ಜಾಲಿ ಮುಂದೆ ಏನೂ ಇಡಬಾರದು ಅಂತ ಅಂಗಡಿ ಹುಡುಗನಿಗೆ ಹೇಳಿ ಹೇಳಿ ಸಾಕಾಗಿ, ನೆಲದ ಮೇಲೆ ಕೆಂಪು ಪೇಂಟಲ್ಲಿ ಗೆರೆ ಎಳೆದಿದ್ದೀನಿ.

ಬಾಗಿಲ ರಬ್ಬರು

ಬಾಗಿಲ ಸುತ್ತ ಇರೋ ಗ್ಯಾಸ್ಕೆಟ್ ಸಡಿಲ ಆದ್ರೆ ಹೊರಗಿನ ಬಿಸಿ, ತೇವ ಎರಡೂ ಒಳಗೆ ಬರುತ್ತೆ. ಒಂದು ಹತ್ತು ರೂಪಾಯಿ ನೋಟು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೀರಿ. ಹಿಡಿದುಕೊಂಡರೆ ಸರಿ, ಜಾರಿ ಬಂದರೆ ಅಲ್ಲಿ ಸಂದಿ ಇದೆ. ನಾಲ್ಕೂ ಮೂಲೇಲಿ ನೋಡಬೇಕು. ಇನ್ನೊಂದು ದಾರಿ: ರಾತ್ರಿ ಅಂಗಡಿ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಾಕಿ ಫ್ರಿಜ್ಜೊಳಗಿಟ್ಟು ಬಾಗಿಲು ಮುಚ್ಚಿ. ಬೆಳಕು ಎಲ್ಲಿ ಇಣುಕುತ್ತೋ ಅಲ್ಲಿಂದ ನಿಮ್ಮ ಕರೆಂಟ್ ದುಡ್ಡು ಸೋರ್ತಿದೆ. ಟಾರ್ಚ್ ಇಲ್ಲದೆ ವಿಡಿಯೋ ಆನ್ ಮಾಡಿ ಇಟ್ಟರೆ, ಬಾಗಿಲು ಮುಚ್ಚಿದಾಗ ಒಳಗಿನ ದೀಪ ಆರುತ್ತಾ ಇಲ್ಲವಾ ಅನ್ನೋದೂ ಗೊತ್ತಾಗುತ್ತೆ.

ರಬ್ಬರಿನ ಮಡಿಕೆಯಲ್ಲಿ ಹಾಲು, ಪನೀರ್ ನೀರು ಒಣಗಿ ಗಟ್ಟಿಯಾಗಿರುತ್ತೆ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ಸೋಪು ಹಾಕಿ ಮೆತ್ತನೆ ಬಟ್ಟೇಲಿ ಒರೆಸಿ, ಒಣಗಿಸಿ. ಬ್ಲೀಚಿಂಗ್ ನೀರು ರಬ್ಬರನ್ನೂ ತಿನ್ನುತ್ತೆ, ಸ್ಟೀಲನ್ನೂ ತಿನ್ನುತ್ತೆ. ಸ್ಟೀಲ್ ಮೈಗೆ ತಂತಿ ಬ್ರಷ್ಷೂ ಬೇಡ, ಗೀರಾದ ಕಡೆಯಿಂದಲೇ ತುಕ್ಕು ಶುರು. ಸೊಟ್ಟಗಾದ ರಬ್ಬರಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಒತ್ತಿ ಹಿಡಿದರೆ ಎಷ್ಟೋ ಸಲ ಮೊದಲಿನ ಆಕಾರಕ್ಕೆ ಬರುತ್ತೆ. ಹರಿದಿದ್ದರೆ ಅಥವಾ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಬದಲಿಸಿ. ಗಮ್ ಟೇಪ್ ಸುತ್ತಿ ದಿನ ನೂಕಬೇಡಿ, ನಾನು ನೂಕಿ ನೋಡಿದ್ದೀನಿ.

ಡಿಸ್‌ಪ್ಲೇ ನಂಬಿ ಕೂರಬೇಡಿ

ಹೊರಗೆ ಕಾಣೋ ಅಂಕಿ ಒಳಗಿನ ಸೆನ್ಸರ್ ಪಕ್ಕದ ಗಾಳಿಯದ್ದು, ಮಾಲಿನದ್ದಲ್ಲ. ಬೇರೆ ಒಂದು ಥರ್ಮಾಮೀಟರ್ ತಂದು, ಒಂದು ಲೋಟ ನೀರಿನಲ್ಲಿ ಅದ್ದಿ ರಾತ್ರಿಯಿಡೀ ಫ್ರಿಜ್ಜಿನ ಮಧ್ಯದಲ್ಲಿಡಿ. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ನೋಡಿ. ಹಾಲು, ಪನೀರ್‌ಗೆ ಅದು 5 ಡಿಗ್ರಿ ಒಳಗಿರಬೇಕು. ನಾನು ದಿನಾ ಬೆಳಗ್ಗೆ ಒಂದು ಫೋಟೋ ತೆಗೆದಿಡ್ತೀನಿ. 3, 3, 4, 4, 5 ಅಂತ ಮೆಲ್ಲಗೆ ಏರೋದು ಫೋಟೋ ಸಾಲಲ್ಲಿ ಕಾಣುತ್ತೆ. ಯಂತ್ರ ಒಂದೇ ದಿನಕ್ಕೆ ಕೈಕೊಡೋದು ಅಪರೂಪ.

ಬಿಸಿ ಹಾಲು, ಈಗ ತಾನೇ ಒತ್ತಿದ ಪನೀರ್ ನೇರ ಒಳಗಿಟ್ಟರೆ ಫ್ರಿಜ್ಜಿಗೂ ಕಷ್ಟ, ಪಕ್ಕದ ಮಾಲಿಗೂ ಕಷ್ಟ. ಮೊದಲು ತಣ್ಣೀರಿನ ತೊಟ್ಟಿಯಲ್ಲಿ ಬೇಗ ಆರಿಸಿ. ಒಳಗಿನ ಫ್ಯಾನಿನ ಮುಂದೆ ಪಾಕೀಟು ಒತ್ತಬೇಡಿ, ಗಾಳಿ ಸುತ್ತೋಕೆ ಜಾಗ ಬೇಕು.

ಒಳಗೆ ಮಂಜುಗಡ್ಡೆ ಕಟ್ಟಿದರೆ ಮಾಲೆಲ್ಲ ಐಸ್ ಪೆಟ್ಟಿಗೆಗೆ ಹಾಕಿ, ಪ್ಲಗ್ ಕಿತ್ತು, ಬಾಗಿಲು ತೆಗೆದು ಕರಗೋಕೆ ಬಿಡಿ. ಚಾಕು ಹಾಕಿ ಕೀಳೋಕೆ ಹೋದ್ರೆ ಕೊಳವೆ ತೂತಾಗಿ ನಿಜವಾಗಲೂ ಗ್ಯಾಸ್ ಹೋಗುತ್ತೆ. ಫ್ರಿಜ್ಜಿನ ತಳದಲ್ಲಿ ನೀರು ನಿಲ್ತಿದ್ರೆ ನೀರು ಇಳಿಯೋ ತೂತು ಕಟ್ಟಿಕೊಂಡಿದೆ ಅಂತ ಅರ್ಥ. ಬೆಚ್ಚಗಿನ ನೀರು ಹಾಕಿ, ಮೆತ್ತನೆ ಪ್ಲಾಸ್ಟಿಕ್ ಕೊಳವೆ ತೂರಿಸಿ ಬಿಡಿಸಿ. ಆ ನೀರು ಹೋಗಿ ಬೀಳೋ ಟ್ರೇ ಕೆಳಗಿರುತ್ತೆ, ಅದನ್ನೂ ತೊಳೀರಿ. ಅಂಗಡಿಯಲ್ಲಿ ಎಲ್ಲಿಂದಲೋ ಕೆಟ್ಟ ವಾಸನೆ ಬರ್ತಿದೆ ಅಂತ ಹುಡುಕಿದ್ದು ಅಲ್ಲಿ ಸಿಗಬಹುದು.

ಹಳ್ಳಿ ಕರೆಂಟು

ನಮ್ಮಲ್ಲಿ 230 ವೋಲ್ಟ್ ಬರಬೇಕಾದ ಕಡೆ ಕೆಲವು ಸಂಜೆ 170 ಬರುತ್ತೆ. ಕಮ್ಮಿ ವೋಲ್ಟೇಜಲ್ಲಿ ಕಂಪ್ರೆಸರ್ ಹೊರಡೋಕೆ ಆಗದೆ ಗುಂಯ್ ಅಂತ ಮುಲುಗಿ ಕಾಯುತ್ತೆ. ಕರೆಂಟ್ ಹೋಗಿ ತಕ್ಷಣ ಬಂದಾಗಲೂ ಅಷ್ಟೇ, ಗ್ಯಾಸಿನ ಒತ್ತಡ ಸಮ ಆಗೋಕೆ ಮೂರ್ನಾಲ್ಕು ನಿಮಿಷ ಬೇಕು. ಅದಕ್ಕೇ ಸ್ಟೆಬಿಲೈಸರ್ ತಗೊಳ್ಳೋವಾಗ ತಡವಾಗಿ ಆನ್ ಆಗೋ ಸೌಲಭ್ಯ ಇರೋದನ್ನೇ ಕೇಳಿ. ಫ್ರಿಜ್ಜಿನ ನೇಮ್ ಪ್ಲೇಟ್ ಫೋಟೋ ತೋರಿಸಿದರೆ ಎಷ್ಟು ಸಾಮರ್ಥ್ಯದ್ದು ಬೇಕು ಅಂತ ಅಂಗಡಿಯವರು ಹೇಳ್ತಾರೆ. ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡಿ. ಅರ್ಥಿಂಗ್ ಇಲ್ಲದ ಸ್ಟೀಲ್ ಪೆಟ್ಟಿಗೆಯನ್ನ ಒದ್ದೆ ಕೈಯಲ್ಲಿ ಮುಟ್ಟೋದು ಅಂದ್ರೆ ಜೀವದ ಜೊತೆ ಆಟ, ಮೊದಲು ಅದನ್ನ ಸರಿಮಾಡಿಸಿ. ಕರೆಂಟ್ ಹೋದಾಗ ಬಾಗಿಲು ತೆಗೆಯದೇ ಇರೋದೇ ದೊಡ್ಡ ಉಪಾಯ. ನಾನು ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿಸಿಡ್ತೀನಿ, ತಂಪು ಹೆಚ್ಚು ಹೊತ್ತು ನಿಲ್ಲುತ್ತೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಒಂದು ಮಾತು. ನೇಮ್ ಪ್ಲೇಟಲ್ಲಿ ಹವಾಮಾನದ ಅಕ್ಷರ ಇದ್ದರೆ ನೋಡಿ. 'ಎನ್' ಇದ್ದರೆ ಸುತ್ತಲ ಹವೆ 32 ಡಿಗ್ರಿವರೆಗೆ, 'ಎಸ್‌ಟಿ' ಇದ್ದರೆ 38, 'ಟಿ' ಇದ್ದರೆ 43. ಏಸಿ ಬೇಕರಿಯೊಳಗೆ ಹಾಯಾಗಿದ್ದ ಪೆಟ್ಟಿಗೆ ನಮ್ಮ ತಗಡಿನ ಚಾವಣಿ ಕೆಳಗೆ ಏದುಸಿರು ಬಿಡುತ್ತೆ. ನನ್ನದಕ್ಕೂ ಆಗಿದ್ದು ಸ್ವಲ್ಪ ಅದೇ. ಚಾವಣಿ ಮೇಲೆ ಸೋಗೆ ಹೊದಿಸಿದ ಮೇಲೆ ಎಷ್ಟೋ ವಾಸಿ.

ಮೆಕ್ಯಾನಿಕ್ಕನ್ನ ಕೇಳಬೇಕಾದ್ದು

ಗ್ಯಾಸ್ ಅನ್ನೋದು ಡೀಸೆಲ್ ಹಾಗೆ ಖರ್ಚಾಗೋ ವಸ್ತು ಅಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತೆ. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರಿದೆ. ಸೋರೋ ಜಾಗ ಹುಡುಕದೆ ತುಂಬಿಸೋದು ತೂತಿನ ಬಿಂದಿಗೆಗೆ ನೀರು ಹೊಯ್ದ ಹಾಗೆ. ನನ್ನದರಲ್ಲಿ ಸೋರಿಕೆಯೇ ಇರಲಿಲ್ಲ, ಎರಡು ಸಲ ಸುಮ್ಮನೆ ಹೆಚ್ಚುವರಿ ತುಂಬಿತ್ತು, ಅದರಿಂದ ಒತ್ತಡ ಇನ್ನೂ ಏರಿ ಪನೀರ್ ಕೆಟ್ಟಿತು. ಆ ಹಿರಿಯರು ಹಳೇ ಗ್ಯಾಸ್ ತೆಗೆದು, ವ್ಯಾಕ್ಯೂಮ್ ಮಾಡಿ, ತಕ್ಕಡಿ ಇಟ್ಟು ನೇಮ್ ಪ್ಲೇಟಿನಲ್ಲಿ ಬರೆದಷ್ಟೇ ಗ್ರಾಂ ಹಾಕಿದ್ರು.

ಹಾಗಾಗಿ ಕೆಲಸ ಶುರು ಮಾಡೋ ಮುಂಚೆ ಕೇಳಿ: ಕಂಡೆನ್ಸರ್ ಶುಚಿ ಇದೆಯಾ, ಎರಡೂ ಫ್ಯಾನ್ ತಿರುಗ್ತಿದೆಯಾ ನೋಡಿದ್ರಾ? ಸೋರಿಕೆ ಎಲ್ಲಿದೆ, ತೋರಿಸ್ತೀರಾ? ಬೆಸುಗೆ ಆದಮೇಲೆ ಫಿಲ್ಟರ್ ಡ್ರೈಯರ್ ಹೊಸದು ಹಾಕ್ತೀರಾ, ವ್ಯಾಕ್ಯೂಮ್ ಮಾಡ್ತೀರಾ? ಗ್ಯಾಸ್ ತೂಕ ಮಾಡಿ ಹಾಕ್ತೀರಾ? ಇನ್ನೊಂದು, ನೇಮ್ ಪ್ಲೇಟಲ್ಲಿ ಆರ್290 ಅಥವಾ ಆರ್600ಎ ಅಂತ ಇದ್ದರೆ ಅದು ಪ್ರೊಪೇನ್, ಐಸೊಬ್ಯುಟೇನ್. ಅಡುಗೆ ಸಿಲಿಂಡರಿನ ಗ್ಯಾಸಿನ ಜಾತಿಯೇ, ಬೆಂಕಿ ಹಿಡಿಯುತ್ತೆ. ಗ್ಯಾಸ್ ಪೂರ್ತಿ ಹೊರಗೆ ಹೋಗೋ ಮುಂಚೆ ಕೊಳವೆ ಹತ್ತಿರ ಬೆಂಕಿ ತರೋರನ್ನ ಅಲ್ಲೇ ತಡೀರಿ. ಆ ಗ್ಯಾಸಿನ ತರಬೇತಿ ಆದವರನ್ನೇ ಕರೆಸಿ, ಆರ್134ಎ ತುಂಬಿ ಅಭ್ಯಾಸ ಇದೆ ಅನ್ನೋದು ಇಲ್ಲಿ ಸಾಲಲ್ಲ.

ಈ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಡೋರು ಸಿಕ್ಕರೆ ಅವರ ನಂಬರ್ ಉಳಿಸಿಕೊಳ್ಳಿ. "ನಿಮಗ್ಯಾಕೆ ಸಾರ್ ಅದೆಲ್ಲ" ಅನ್ನೋರಿಗೆ ಒಂದು ಟೀ ಕುಡಿಸಿ, ಬಂದ ದಾರೀಲೇ ಕಳಿಸಿ.